ಮಲೆನಾಡಿನ ಮನೆಯಲ್ಲಿ ಬೆಳಗಿನ ಯೋಗ: ಮಳೆಗಾಲದಲ್ಲೂ ನಿಲ್ಲದ ಹಾಗೆ ಶುರು ಮಾಡುವುದು ಹೇಗೆ?

ಜೂನ್ 21 ಯೋಗ ದಿನ. ನಮ್ಮ ಕಡೆ ಅದು ಮೃಗಶಿರ ಮಳೆ ಮುಗಿದು ಆರಿದ್ರಾ ಹಿಡಿಯುವ ಹೊತ್ತು. 2014ರ ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆ ಈ ದಿನವನ್ನು ಗೊತ್ತು ಮಾಡಿತು. 2015ರಿಂದ ಆಚರಣೆ ನಡೆಯುತ್ತಿದೆ. ವರ್ಷದಲ್ಲೇ ಹಗಲು ಜಾಸ್ತಿ ಇರುವ ದಿನ ಅಂತ ಅದನ್ನು ಆರಿಸಿದರು. ತೀರ್ಥಹಳ್ಳಿ, ಹೊಸನಗರದ ಕಡೆ ಆ ದಿನ ಸೂರ್ಯ ಕಾಣುವುದೇ ಅಪರೂಪ.

ಅವತ್ತು ಶಾಲೆಯ ಹಾಲ್‌ನಲ್ಲಿ, ಸಮುದಾಯ ಭವನದಲ್ಲಿ ಚಾಪೆ ಹಾಸಿ ಎಲ್ಲರೂ ಕೂರುತ್ತಾರೆ. ಮೈ ಹಗುರಾಗುತ್ತದೆ. ನಾಳೆಯಿಂದ ದಿನಾ ಮಾಡೋಣ ಅಂದುಕೊಂಡು ಮನೆಗೆ ಬರುತ್ತಾರೆ. ನಾಲ್ಕು ದಿನ ನಡೆಯುತ್ತದೆ. ಐದನೇ ದಿನ ಬೆಳಗ್ಗೆ ಕರೆಂಟಿಲ್ಲ. ಹಂಚಿನ ಮೇಲೆ ಮಳೆ ಸುರಿಯುತ್ತಿದೆ. ನೆಲ ಐಸ್ ಹಾಗಿದೆ. ಕಂಬಳಿ ಬಿಟ್ಟು ಏಳಲು ಮನಸ್ಸು ಬರುವುದಿಲ್ಲ. ಅಲ್ಲಿಗೆ ಯೋಗ ನಿಂತಿತು.

ಹೀಗೆ ಬಿಟ್ಟವರನ್ನು ನಾನು ತುಂಬಾ ಜನ ನೋಡಿದ್ದೇನೆ. ಅವರು ಯಾರೂ ಸೋಮಾರಿಗಳಲ್ಲ. ಬೆಳಗಾದರೆ ಕೊಟ್ಟಿಗೆ, ತೋಟ, ಅಡುಗೆ, ಮಕ್ಕಳ ಬಸ್ಸು ಅಂತ ಓಡುವವರು. ಅವರಿಗೆ ಹೇಳಿಕೊಟ್ಟ ಯೋಗ ನಮ್ಮ ಹವೆಗೂ, ನಮ್ಮ ಮೈ ದಿನಾ ಮಾಡುವ ಕೆಲಸಕ್ಕೂ ಹೊಂದುವಂಥದ್ದಾಗಿರಲಿಲ್ಲ. ಹೊಂದುವ ಹಾಗೆ ಮಾಡಿಕೊಂಡರೆ ನಿಲ್ಲುವುದಿಲ್ಲ. ನಮ್ಮ ಮನೆಯಲ್ಲಿ, ಅಕ್ಕಪಕ್ಕದ ನಾಲ್ಕೈದು ಮನೆಗಳಲ್ಲಿ ಹೇಗೆ ಮಾಡಿಕೊಂಡಿದ್ದೇವೆ ಅಂತ ಇಲ್ಲಿ ಬರೆಯುತ್ತಿದ್ದೇನೆ.

ಎಷ್ಟು ಹೊತ್ತಿಗೆ ಏಳಬೇಕು?

ಬ್ರಾಹ್ಮೀ ಮುಹೂರ್ತದಲ್ಲಿ ಏಳಬೇಕು ಅಂತ ಹಿರಿಯರು ಹೇಳುತ್ತಾರೆ. ಸೂರ್ಯ ಹುಟ್ಟುವುದಕ್ಕೆ 96 ನಿಮಿಷ ಮೊದಲು ಶುರುವಾಗಿ 48 ನಿಮಿಷ ಮೊದಲು ಮುಗಿಯುವ ಹೊತ್ತು ಅದು. ಶಿವಮೊಗ್ಗದಲ್ಲಿ ಜೂನ್ ತಿಂಗಳಲ್ಲಿ ಸೂರ್ಯ ಹುಟ್ಟುವುದು ಸುಮಾರು 6 ಗಂಟೆಗೆ. ಜನವರಿ ಕೊನೆಗೆ ಹೆಚ್ಚುಕಡಿಮೆ 6:55. ಅಂದರೆ ಮಳೆಗಾಲದ ಶುರುವಿನಲ್ಲಿ ನಾಲ್ಕೂವರೆಗೆ, ಚಳಿಗಾಲದಲ್ಲಿ ಐದೂಕಾಲು ಐದೂವರೆಗೆ ಏಳಬೇಕಾಗುತ್ತದೆ. ಆಗುವವರು ಏಳಿ, ತುಂಬಾ ಒಳ್ಳೆಯದು. ರಾತ್ರಿ ಹನ್ನೊಂದರವರೆಗೆ ಕೆಲಸ ಮಾಡಿದವರು ನಿದ್ದೆ ಕಡಿಮೆ ಮಾಡಿಕೊಂಡು ಏಳಬೇಡಿ. ಈಗ ಏಳುವ ಹೊತ್ತಿಗಿಂತ ಇಪ್ಪತ್ತು ನಿಮಿಷ ಮೊದಲು ಎದ್ದರೆ ಸಾಕು. ಗಂಟೆ ಯಾವುದೇ ಇರಲಿ, ದಿನಾ ಅದೇ ಗಂಟೆ ಆಗಿರಲಿ.

ಹೊಟ್ಟೆ ಖಾಲಿ ಇರಬೇಕು. ಮುಖ ತೊಳೆದು, ಹೊಟ್ಟೆ ಹಗುರ ಮಾಡಿಕೊಂಡು, ಒಂದು ಲೋಟ ಬಿಸಿನೀರು ಕುಡಿಯಿರಿ. ಎದ್ದ ಕೂಡಲೇ ಏನಾದರೂ ಬಿಸಿ ಬೇಕೇ ಬೇಕು ಅನ್ನುವವರು ಅರ್ಧ ಲೋಟ ಕೊತ್ತಂಬರಿ ಜೀರಿಗೆ ಕಷಾಯ ತಗೊಳ್ಳಿ, ಹಾಲು ಹಾಕದೆ. ಕಾಫಿ ಆಮೇಲೆ ಇದ್ದೇ ಇರುತ್ತದೆ. ತಿಂಡಿ ತಿಂದ ಮೇಲೆ ಯೋಗ ಮಾಡುವುದಾದರೆ ಕಡುಬಿಗೋ ಅಕ್ಕಿ ರೊಟ್ಟಿಗೋ ಮೂರು ಗಂಟೆಯಾದರೂ ಬಿಡಬೇಕು. ಬೆಳಗ್ಗೆ ಬರಿಹೊಟ್ಟೆಯಲ್ಲಿ ಮುಗಿಸುವುದೇ ಸುಲಭ.

ನೆಲ, ಚಾಪೆ, ಕಂಬಳಿ

ಮಲೆನಾಡಿನ ಯೋಗದಲ್ಲಿ ಅರ್ಧ ವಿಷಯ ನೆಲದ್ದು. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗಿಂತ ಜಾಸ್ತಿ ಮಳೆ ಬೀಳುತ್ತದೆ. ಅದರ ಸುತ್ತಲಿನ ಊರುಗಳ ಮನೆಗಳಲ್ಲಿ ಜುಲೈ, ಆಗಸ್ಟ್‌ನಲ್ಲಿ ಸಿಮೆಂಟು ನೆಲ ಬೆವರುತ್ತದೆ. ಒರೆಸಿದ ಐದು ನಿಮಿಷಕ್ಕೆ ಮತ್ತೆ ತೇವ. ಅಂಗಡಿಯಿಂದ ತಂದ ಯೋಗ ಮ್ಯಾಟ್ ಸುತ್ತಿ ಮೂಲೆಗಿಟ್ಟರೆ ವಾರದಲ್ಲಿ ಬೂಷ್ಟು ಹಿಡಿಯುತ್ತದೆ. ಆ ವಾಸನೆಯಲ್ಲಿ ಮುಖ ಇಟ್ಟುಕೊಂಡು ಉಸಿರಾಡುವುದು ಎದೆಗೆ ಒಳ್ಳೆಯದಲ್ಲ.

ಮನೆಯಲ್ಲಿ ಅತಿ ಬೆಚ್ಚಗಿನ, ಒಣಗಿದ ಜಾಗ ಯಾವುದು ನೋಡಿ. ಬಹಳ ಮನೆಗಳಲ್ಲಿ ಅದು ಬಚ್ಚಲೊಲೆಯ ಆಚೆ ಗೋಡೆ ಇರುವ ಕೋಣೆ. ಹಂಡೆಗೆ ಬೆಂಕಿ ಹಾಕಿದ ಮೇಲೆ ಆ ಗೋಡೆ ಬೆಚ್ಚಗಾಗುತ್ತದೆ. ಅಲ್ಲಿ ಕೈ ಅಗಲಿಸಿದರೆ ಏನೂ ತಾಗದಷ್ಟು, ಉದ್ದಕ್ಕೆ ಮಲಗುವಷ್ಟು ಜಾಗ ಸಿಕ್ಕರೆ ಸಾಕು. ಒಂದೇ ಎಚ್ಚರ. ಹೊಗೆ ಬರುವ ಕಡೆ ಬೇಡ. ಸೌದೆ ಹೊಗೆಯಲ್ಲಿ ಜೋರಾಗಿ ಉಸಿರಾಡಿದರೆ ಲಾಭಕ್ಕಿಂತ ನಷ್ಟವೇ ಜಾಸ್ತಿ. ಅಗರಬತ್ತಿ ಹಚ್ಚಿಟ್ಟು ಪ್ರಾಣಾಯಾಮ ಮಾಡುವುದೂ ಹಾಗೆಯೇ. ಕಿಟಕಿ ಎರಡು ಬೆರಳಷ್ಟಾದರೂ ತೆರೆದಿರಲಿ.

ಕೂತು, ಮಲಗಿ ಮಾಡುವುದಕ್ಕೆ ಚಾಪೆ ಹಾಕಿ, ಮೇಲೆ ಕಂಬಳಿ ಮಡಚಿ ಹಾಸಿ. ತಂಡಿ ಮೇಲೆ ಬರುವುದಿಲ್ಲ. ನಿಂತು ಮಾಡುವ ಆಸನಗಳಿಗೆ ಮಾತ್ರ ಕಂಬಳಿ ಬೇಡವೇ ಬೇಡ. ನುಣುಪು ನೆಲದ ಮೇಲೆ ಕಂಬಳಿ, ಚಾಪೆ, ಜಮಖಾನ ಎಲ್ಲವೂ ಜಾರುತ್ತವೆ. ಕಾಲು ಅಗಲಿಸಿ ನಿಂತಾಗ ಜಾರಿದರೆ ತೊಡೆಸಂದಿಗೆ ಪೆಟ್ಟು. ನೆಲದ ಒಂದು ಭಾಗ ಒಣಬಟ್ಟೆಯಲ್ಲಿ ಒರೆಸಿ, ಬರಿಗಾಲಲ್ಲಿ ನಿಲ್ಲಿ. ರಬ್ಬರ್ ಮ್ಯಾಟ್ ಇದ್ದರೆ ಅದು ಈ ಕೆಲಸಕ್ಕೆ ಒಳ್ಳೆಯದು. ಮುಗಿದ ಮೇಲೆ ಸುತ್ತಿಡದೆ ಹಗ್ಗದ ಮೇಲೆ ಹರವಿ.

ಬಯಲಿನಲ್ಲಿ, ಮರದ ಕೆಳಗೆ ಮಾಡಿ ಅಂತ ಕೆಲವರು ಹೇಳುತ್ತಾರೆ. ನಮ್ಮ ಕಡೆಗೆ ಆ ಮಾತು ಪೂರ್ತಿ ಹೊಂದುವುದಿಲ್ಲ. ಮಳೆಗಾಲದಲ್ಲಿ ಅಂಗಳ ಪಾಚಿ ಹಿಡಿದು ಜಾರುತ್ತದೆ, ಹುಲ್ಲಿನಲ್ಲಿ ಇಂಬಳ. ಮಳೆ ಬಿಟ್ಟ ಮೇಲೆ ಇನ್ನೊಂದು ತೊಂದರೆ ಇದೆ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಮಂಗನ ಕಾಯಿಲೆ ಉಣುಗಿನಿಂದ ಬರುತ್ತದೆ. ಡಿಸೆಂಬರ್‌ನಿಂದ ಮೇ ತನಕ ಅದರ ಕಾಟ ಜಾಸ್ತಿ. ಆ ತಿಂಗಳುಗಳಲ್ಲಿ ಕಾಡಿನ ಅಂಚಿನ ದರಗಿನ ಮೇಲೆ, ಹುಲ್ಲಿನ ಮೇಲೆ ಚಾಪೆ ಹಾಸಿ ಮಲಗಬೇಡಿ. ಜಗಲಿ ಇದೆಯಲ್ಲ, ಅಷ್ಟು ಗಾಳಿ ಬೆಳಕು ಸಾಕು. ಶಿವಮೊಗ್ಗ ಪೇಟೆಯವರಿಗೆ ಈ ಚಿಂತೆ ಇಲ್ಲ. ಟೆರೇಸು, ಪಾರ್ಕು ಯಾವುದಾದರೂ ಆಗುತ್ತದೆ.

ಎದ್ದ ಕೂಡಲೇ ಬಗ್ಗಬೇಡಿ

ಇದೊಂದು ಮಾತನ್ನು ದಯವಿಟ್ಟು ಗಮನ ಇಟ್ಟು ಓದಿ. ಉಳಿದದ್ದು ಮರೆತರೂ ಪರವಾಗಿಲ್ಲ.

ರಾತ್ರಿ ಮಲಗಿದಾಗ ಬೆನ್ನುಮೂಳೆಗಳ ನಡುವಿನ ಮೆತ್ತೆಗಳು, ಅಂದರೆ ಡಿಸ್ಕ್‌ಗಳು, ನೀರು ಹೀರಿಕೊಂಡು ಉಬ್ಬುತ್ತವೆ. ಬೆಳಗ್ಗೆ ಎದ್ದಾಗ ನಾವು ರಾತ್ರಿಗಿಂತ ಒಂದು ಸೆಂಟಿಮೀಟರಿಗೂ ಜಾಸ್ತಿ ಎತ್ತರ ಇರುತ್ತೇವೆ. ಎದ್ದು ಓಡಾಡುತ್ತಾ ಹೋದ ಹಾಗೆ ಆ ಉಬ್ಬು ಇಳಿಯುತ್ತದೆ. ಅರ್ಧದಷ್ಟು ಮೊದಲ ಒಂದು ಗಂಟೆಯಲ್ಲೇ ಇಳಿದುಬಿಡುತ್ತದೆ. ಉಬ್ಬಿರುವ ಹೊತ್ತಿನಲ್ಲಿ ಸೊಂಟದಿಂದ ಪೂರ್ತಿ ಮುಂದಕ್ಕೆ ಬಗ್ಗಿದರೆ ಡಿಸ್ಕ್ ಮೇಲೆ ಬೀಳುವ ಒತ್ತಡ ಬಹಳ ಜಾಸ್ತಿ.

ನನಗೆ ಇದು ನೋವು ತಿಂದ ಮೇಲೆ ಗೊತ್ತಾಯಿತು. ವರ್ಷಗಳ ಹಿಂದೆ ಒಂದು ಶಿಬಿರದಲ್ಲಿ ಬೆಳಗಿನ ಐದೂವರೆಗೆ ಮೊದಲ ಆಸನವಾಗಿ ಪಶ್ಚಿಮೋತ್ತಾನಾಸನ ಮಾಡಿಸಿದರು. ಕಾಲು ಚಾಚಿ ಕೂತು, ಮುಂದೆ ಬಗ್ಗಿ, ಹಣೆ ಮೊಣಕಾಲಿಗೆ ತಾಗಿಸುವುದು. ನನಗೆ ತಾಗಲಿಲ್ಲ. ಕಲಿಸುವವರು ಬಂದು ಬೆನ್ನ ಮೇಲೆ ಕೈಯಿಟ್ಟು ಒತ್ತಿದರು. ಅವತ್ತು ಹಿಡಿದ ಸೊಂಟ ಸರಿಯಾಗಲು ಮೂರು ವಾರ ಬೇಕಾಯಿತು. ಕೊಡ ಎತ್ತುವಂತಿಲ್ಲ, ಹಸು ಕರೆಯಲು ಕೂರುವಂತಿಲ್ಲ. ಹೀಗೆ ಒಂದು ಸಲ ನೋವಾದವರು ಯೋಗದ ಕಡೆ ಮತ್ತೆ ತಿರುಗಿಯೂ ನೋಡುವುದಿಲ್ಲ. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ. ಯಾರೇ ಬಂದು ನಿಮ್ಮ ಬೆನ್ನು ಒತ್ತಲು ಹೊರಟರೂ ಬೇಡ ಅನ್ನಿ.

ಹಾಗಾದರೆ ಕ್ರಮ ಏನು? ಎದ್ದು ಮೊದಲು ಓಡಾಡುವ ಕೆಲಸ ಮಾಡಿ. ಹಂಡೆಗೆ ಬೆಂಕಿ ಹಾಕಿ, ಬಾಗಿಲು ತೆಗೆಯಿರಿ, ಹಾಲು ಕಾಯಿಸಿ. ಬಗ್ಗಿ ಅಂಗಳ ಗುಡಿಸುವುದನ್ನು ಸ್ವಲ್ಪ ತಡ ಮಾಡಿ. ಅರ್ಧ ಗಂಟೆ ಕಳೆದ ಮೇಲೆ ಚಾಪೆ ಹಾಕಿ. ಅಷ್ಟು ಹೊತ್ತು ಇಲ್ಲ ಅನ್ನುವವರು ಮುಂದೆ ಬಗ್ಗುವ ಆಸನಗಳನ್ನೆಲ್ಲ ಕೊನೆಗೆ ಇಟ್ಟುಕೊಳ್ಳಿ, ಇಲ್ಲವೇ ಸಂಜೆಗೆ ಬಿಡಿ. ಮೈ ತುಂಬಾ ಪೆಡಸಾಗಿರುವವರು ಹಂಡೆ ನೀರಿನಲ್ಲಿ ಮೊದಲು ಸ್ನಾನ ಮಾಡಿಬಿಡಿ. ಬಿಸಿನೀರು ಬಿದ್ದ ಮೈ ಬೇಗ ಮಾತು ಕೇಳುತ್ತದೆ. ಆಸನ ಮುಗಿಸಿ ಸ್ನಾನ ಮಾಡುವವರು ಹದಿನೈದು ನಿಮಿಷ ಬಿಟ್ಟು ಹೋಗಿ, ಬೆವರು ಆರಲಿ.

ಮೊದಲ ಹದಿನೈದು ದಿನ ಹತ್ತೇ ನಿಮಿಷ

ಶುರುವಿಗೆ ಹತ್ತು ನಿಮಿಷ ಸಾಕು. ನಿಜವಾಗಿ ಸಾಕು. ಒಂದು ಗಂಟೆ ಮಾಡಿ ನಾಲ್ಕು ದಿನಕ್ಕೆ ಬಿಡುವುದಕ್ಕಿಂತ ಇದು ಎಷ್ಟೋ ಮೇಲು.

ನೆಟ್ಟಗೆ ನಿಂತುಕೊಳ್ಳಿ. ಕುತ್ತಿಗೆಯನ್ನು ನಿಧಾನವಾಗಿ ಎಡಕ್ಕೆ, ಬಲಕ್ಕೆ ತಿರುಗಿಸಿ, ಐದೈದು ಸಲ. ಸುತ್ತ ತಿರುಗಿಸುವುದು ಬೇಡ. ಭುಜಗಳನ್ನು ಹಿಂದಕ್ಕೆ ಹತ್ತು ಸಲ ಸುತ್ತಿಸಿ. ಮಣಿಕಟ್ಟು, ಪಾದದ ಗಂಟು ಸುತ್ತಿಸಿ. ಗೋಡೆ ಹಿಡಿದು ಒಂದೊಂದೇ ಮೊಣಕಾಲು ಎದೆಯ ಕಡೆ ಎತ್ತಿ ಇಳಿಸಿ. ಇದಕ್ಕೆ ಮೂರು ನಿಮಿಷ.

ಆಮೇಲೆ ತಾಡಾಸನ. ಉಸಿರು ಎಳೆಯುತ್ತಾ ಎರಡೂ ಕೈ ಮೇಲೆತ್ತಿ, ಹಿಮ್ಮಡಿ ಎತ್ತಿ, ಅಡಿಕೆ ಮರದ ಹಾಗೆ ಮೇಲಕ್ಕೆ ಬೆಳೆಯಿರಿ. ಉಸಿರು ಬಿಡುತ್ತಾ ಇಳಿಯಿರಿ. ಐದು ಸಲ. ಕತ್ತಲಿದ್ದರೆ ಹಿಮ್ಮಡಿ ಎತ್ತಬೇಡಿ, ಕಣ್ಣಿಗೆ ಆಧಾರ ಇಲ್ಲದಿದ್ದರೆ ತೂಕ ತಪ್ಪುತ್ತದೆ.

ಆಮೇಲೆ ಮಾರ್ಜಾರಾಸನ. ಕಂಬಳಿಯ ಮೇಲೆ ಕೈ, ಮೊಣಕಾಲು ಊರಿ ಬೆಕ್ಕಿನ ಹಾಗೆ ನಿಲ್ಲಿ. ಉಸಿರು ಎಳೆಯುತ್ತಾ ಹೊಟ್ಟೆ ಕೆಳಗೆ, ತಲೆ ಮೇಲೆ. ಉಸಿರು ಬಿಡುತ್ತಾ ಬೆನ್ನು ಮೇಲೆ, ಗಲ್ಲ ಎದೆಯ ಕಡೆ. ನಿಧಾನ, ಹತ್ತು ಸಲ. ಬೆಳಗಿನ ಪೆಡಸು ಬೆನ್ನಿಗೆ ಇದರಷ್ಟು ಮೃದುವಾದ ಮದ್ದು ನನಗೆ ಬೇರೆ ಸಿಕ್ಕಿಲ್ಲ. ಕೊನೆಗೆ ಮಲಗಿ ಎರಡು ನಿಮಿಷ ಸುಮ್ನೆ ಉಸಿರು ನೋಡಿ.

ಒಂದೇ ಸೂತ್ರ ನೆನಪಿಟ್ಟುಕೊಂಡರೆ ಉಸಿರಿನ ಗೊಂದಲ ಇರುವುದಿಲ್ಲ. ಎದೆ ತೆರೆದುಕೊಳ್ಳುವಾಗ ಉಸಿರು ಒಳಗೆ, ಹೊಟ್ಟೆ ಮಡಚಿಕೊಳ್ಳುವಾಗ ಉಸಿರು ಹೊರಗೆ.

ಈ ಹದಿನೈದು ದಿನದಲ್ಲಿ ಮೊಬೈಲ್ ನೋಡದೆ ಮಾಡುವುದನ್ನು ಕಲಿತುಬಿಡಿ. ಗಾಳಿಮಳೆಗೆ ಒಂದು ಮರ ಲೈನ್ ಮೇಲೆ ಬಿದ್ದರೆ ಎರಡು ದಿನ ಕರೆಂಟಿಲ್ಲ, ನೆಟ್‌ವರ್ಕೂ ಇಲ್ಲ. ಕ್ರಮ ಬಾಯಿಪಾಠ ಆಗಿದ್ದವರು ಅವತ್ತೂ ಮಾಡುತ್ತಾರೆ.

ಸೂರ್ಯ ನಮಸ್ಕಾರ, ನಿಧಾನವಾಗಿ

ಹದಿನಾರನೇ ದಿನದಿಂದ ಸೂರ್ಯ ನಮಸ್ಕಾರ ಸೇರಿಸಿ. ಸೂರ್ಯ ಕಾಣದಿದ್ದರೂ ಪೂರ್ವಕ್ಕೆ ಮುಖ ಮಾಡಿ ನಿಂತರೆ ಆಯಿತು.

ಮೈ ಬಗ್ಗದವರಿಗೆ ನಾನು ಮೊದಲು ಹೇಳಿಕೊಡುವುದು ಜಗಲಿ ಕಟ್ಟೆಯ ಮೇಲೆ ಕೈಯಿಟ್ಟು ಮಾಡುವ ಕ್ರಮ. ಕೆಳಗೆ ನೆಲ ಒಣಗಿರಬೇಕು ಅಷ್ಟೆ. ಕಟ್ಟೆಯ ಎದುರು ನಿಂತು ಕೈ ಮುಗಿಯಿರಿ. ಉಸಿರು ಎಳೆದು ಕೈ ಮೇಲೆತ್ತಿ. ಉಸಿರು ಬಿಡುತ್ತಾ, ಮೊಣಕಾಲು ಸ್ವಲ್ಪ ಸಡಿಲ ಬಿಟ್ಟು, ಅಂಗೈಗಳನ್ನು ಕಟ್ಟೆಯ ಮೇಲೆ ಊರಿ. ಒಂದೊಂದೇ ಕಾಲು ಹಿಂದೆ ಇಟ್ಟು, ಸೊಂಟ ಮೇಲೆತ್ತಿ, ಬೆನ್ನು ಉದ್ದ ಮಾಡಿ. ಉಸಿರು ಎಳೆಯುತ್ತಾ ಎದೆ ಮುಂದೆ ತನ್ನಿ. ಮತ್ತೆ ಸೊಂಟ ಹಿಂದಕ್ಕೆ. ಒಂದೊಂದೇ ಕಾಲು ಮುಂದೆ ಇಟ್ಟು ಎದ್ದು ನಿಲ್ಲಿ. ಸೊಂಟಕ್ಕೆ ಹೊರೆ ಇಲ್ಲ, ತಲೆ ಕೆಳಗಾಗುವುದಿಲ್ಲ. ನಮ್ಮ ಅತ್ತೆಗೆ ಎಪ್ಪತ್ತು ದಾಟಿದೆ. ‘ನನ್ನಿಂದ ಬಗ್ಗೋಕೆ ಆಗಲ್ಲ ಮಾರಾಯ್ತಿ’ ಅನ್ನುತ್ತಿದ್ದವರು ಹೀಗೆ ದಿನಕ್ಕೆ ನಾಲ್ಕು ಸಲ ಮಾಡುತ್ತಾರೆ.

ಇದು ಸಲೀಸಾದ ಮೇಲೆ ನೆಲದ ಮೇಲಿನ ಹನ್ನೆರಡು ಹಂತ. ಕೈ ಮುಗಿದು ನಿಲ್ಲುವ ಪ್ರಣಾಮಾಸನ. ಉಸಿರು ಎಳೆದು ಕೈ ಮೇಲೆತ್ತುವ ಹಸ್ತ ಉತ್ತಾನಾಸನ. ಇಲ್ಲಿ ಸೊಂಟದಿಂದ ಹಿಂದೆ ವಾಲಬೇಡಿ, ಎದೆ ಮೇಲೆತ್ತಿದರೆ ಸಾಕು. ಉಸಿರು ಬಿಟ್ಟು ಬಗ್ಗುವ ಪಾದಹಸ್ತಾಸನ, ಮೊಣಕಾಲು ಮಡಚಿಕೊಂಡೇ ಬಗ್ಗಿ. ಉಸಿರು ಎಳೆಯುತ್ತಾ ಬಲಗಾಲು ಹಿಂದೆ ಚಾಚಿ ಅಶ್ವ ಸಂಚಲನಾಸನ. ಉಸಿರು ಬಿಡುತ್ತಾ ಎಡಗಾಲೂ ಹಿಂದೆ, ಸೊಂಟ ಮೇಲೆ, ಅದು ಪರ್ವತಾಸನ. ಮೊಣಕಾಲು, ಎದೆ, ಗಲ್ಲ ನೆಲಕ್ಕೆ ತಾಗುವ ಅಷ್ಟಾಂಗ ನಮಸ್ಕಾರ. ಎರಡು ಪಾದ, ಎರಡು ಮೊಣಕಾಲು, ಎರಡು ಕೈ, ಎದೆ, ಗಲ್ಲ ಸೇರಿ ಎಂಟು ಅಂಗ. ಉಸಿರು ಎಳೆಯುತ್ತಾ ಎದೆ ಎತ್ತಿದರೆ ಭುಜಂಗಾಸನ. ಉಸಿರು ಬಿಡುತ್ತಾ ಮತ್ತೆ ಪರ್ವತ. ಉಸಿರು ಎಳೆದು ಬಲಗಾಲು ಮುಂದೆ. ಬಿಟ್ಟು ಪಾದಹಸ್ತ. ಎಳೆದು ಕೈ ಮೇಲೆ. ಬಿಟ್ಟು ಕೈ ಮುಗಿಯುವುದು. ಇನ್ನೊಂದು ಸಲ ಎಡಗಾಲು ಮೊದಲು ಹಿಂದೆ ಇಟ್ಟು ಮಾಡಿದಾಗ ಒಂದು ಸುತ್ತು.

ಮಂತ್ರ ಹೇಳುವವರು ‘ಓಂ ಮಿತ್ರಾಯ ನಮಃ’ದಿಂದ ‘ಓಂ ಭಾಸ್ಕರಾಯ ನಮಃ’ದವರೆಗಿನ ಹನ್ನೆರಡು ಹೆಸರು ಹೇಳಿಕೊಳ್ಳಿ. ಹೇಳದೆ ಮಾಡಿದರೂ ಮೈಗೆ ಆಗುವ ಲಾಭ ಕಡಿಮೆಯಾಗುವುದಿಲ್ಲ. ಶುರುವಿಗೆ ಎರಡು ಸುತ್ತು, ತಿಂಗಳ ಮೇಲೆ ನಾಲ್ಕು, ಆಮೇಲೆ ಆರು. ರಥಸಪ್ತಮಿಗೆ 108 ನಮಸ್ಕಾರ ಮಾಡುವ ಪದ್ಧತಿ ಎಷ್ಟೋ ಊರುಗಳಲ್ಲಿದೆ. ವರ್ಷವಿಡೀ ಮಾಡದವರು ಅವತ್ತು ಒಂದೇ ದಿನ 108 ಮಾಡಲು ಹೋದರೆ ಮಾರನೇ ದಿನ ಏಳಲು ಆಗುವುದಿಲ್ಲ. ಕಾರ್ತಿಕದಿಂದಲೇ ಮೈ ಅಣಿ ಮಾಡಿಕೊಳ್ಳಿ.

ಅಡಿಕೆ ಕೆಲಸದ ಮೈಗೆ ಬೇಕಾದ ಆಸನಗಳು

ನವೆಂಬರ್‌ನಿಂದ ಜನವರಿ ತನಕ ಕೊಯ್ಲು. ಸುಲಿಯುವ ಯಂತ್ರ ಬಂದಿದ್ದರೂ ಮೆಟ್ಟುಗತ್ತಿ ಮುಂದೆ ಕೂತು ರಾತ್ರಿ ತನಕ ಸುಲಿಯುವ ಮನೆಗಳು ಇನ್ನೂ ಇವೆ. ನಾಲ್ಕೈದು ಗಂಟೆ ಕುತ್ತಿಗೆ ಕೆಳಗೆ, ಭುಜ ಮುಂದೆ, ಬೆನ್ನು ಗೂನು, ಕಾಲು ಜೋಮು. ತೋಟದಿಂದ ಮೇಲಕ್ಕೆ ಹೊರೆ ಹೊತ್ತರೆ ಮೊಣಕಾಲು. ಪೇಟೆಯಲ್ಲಿ ಕಂಪ್ಯೂಟರ್ ಮುಂದೆ ಕೂರುವವರ ಮೈಯೂ ಹೆಚ್ಚುಕಡಿಮೆ ಇದೇ ಆಕಾರಕ್ಕೆ ಬರುತ್ತದೆ. ಇಡೀ ದಿನ ಮುಂದೆ ಬಗ್ಗುವ ಮೈಗೆ ಬೆಳಗ್ಗೆ ಇನ್ನಷ್ಟು ಮುಂದೆ ಬಗ್ಗಿಸುವುದು ಯಾಕೆ? ಹಿಂದಕ್ಕೆ ತೆರೆಯುವ ಆಸನಗಳೇ ಅದಕ್ಕೆ ಬೇಕು.

ಭುಜಂಗಾಸನ: ಬೋರಲು ಮಲಗಿ, ಅಂಗೈ ಎದೆಯ ಪಕ್ಕ. ಕೈಯ ಬಲ ಹಾಕದೆ, ಬೆನ್ನಿನ ಬಲದಿಂದ ಎದೆ ಎಷ್ಟು ಏಳುತ್ತದೋ ಅಷ್ಟೇ. ಹೊಕ್ಕುಳ ನೆಲದಲ್ಲೇ ಇರಲಿ. ಮೂರು ಉಸಿರಾಟ ನಿಂತು ಇಳಿಯಿರಿ, ಮೂರು ಸಲ.

ಸೇತುಬಂಧಾಸನ: ಅಂಗಾತ ಮಲಗಿ ಮೊಣಕಾಲು ಮಡಚಿ, ಪಾದ ನೆಲಕ್ಕೆ ಊರಿ, ಸೊಂಟ ಎತ್ತಿ. ಕೈ ಪಕ್ಕದಲ್ಲಿರಲಿ. ಹಿಂದೊಡೆಗೆ, ಪೃಷ್ಠಕ್ಕೆ ಬಲ ಬರುತ್ತದೆ. ಸೊಂಟ ನೋವಿನವರಿಗೆ ಈ ಬಲವೇ ಆಧಾರ.

ಕೈಗಳಿಗೆ ಗೋಮುಖಾಸನ: ಒಂದು ಕೈ ಮೇಲಿನಿಂದ, ಇನ್ನೊಂದು ಕೆಳಗಿನಿಂದ ಬೆನ್ನ ಹಿಂದೆ ಸೇರಬೇಕು. ಸೇರದಿದ್ದರೆ ಒಂದು ಟವೆಲ್ ಹಿಡಿದುಕೊಳ್ಳಿ. ಹೀಗೆ ಆಧಾರ ಹಿಡಿದು ಮಾಡುವುದು ಕಡಿಮೆಯೇನಲ್ಲ. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರ್ ಅವರು ಬೆಲ್ಟು, ಮರದ ತುಂಡು, ಕುರ್ಚಿ, ಹಗ್ಗ ಇಟ್ಟುಕೊಂಡೇ ಜಗತ್ತಿಗೆ ಯೋಗ ಕಲಿಸಿದರು. ನಮ್ಮ ಮನೆಯಲ್ಲಿ ಅದೆಲ್ಲ ಕೊಳ್ಳುವುದು ಬೇಡ. ಬೆಲ್ಟಿಗೆ ಪಂಚೆ ಇದೆ, ಮರದ ತುಂಡಿಗೆ ಊಟದ ಮಣೆ ಇದೆ. ಕಾಲು ಅಗಲಿಸಿ ನಿಂತು ಪಕ್ಕಕ್ಕೆ ಬಾಗುವ ತ್ರಿಕೋನಾಸನದಲ್ಲಿ ಕೈ ನೆಲಕ್ಕೆ ಸಿಗದವರು ಮಣೆಯನ್ನು ನೆಲಕ್ಕೆ ಇಟ್ಟು ಅದರ ಮೇಲೆ ಕೈ ಊರಿ.

ಮೊಣಕಾಲು ಮಡಚಿ ಹಿಮ್ಮಡಿಯ ಮೇಲೆ ಕೂರುವ ವಜ್ರಾಸನ ಎಲ್ಲರೂ ಹೇಳುತ್ತಾರೆ. ಮೊಣಕಾಲು ನೋವಿದ್ದರೆ ಮೀನಖಂಡ ಮತ್ತು ತೊಡೆಯ ನಡುವೆ ಕಂಬಳಿ ಮಡಚಿ ಇಟ್ಟು ಕೂತು ನೋಡಿ. ಆಗಲೂ ನೋವಾದರೆ ಬಿಟ್ಟುಬಿಡಿ.

ನೋವಿನ ಬಗ್ಗೆ ಒಂದು ಗುರುತು ಹೇಳುತ್ತೇನೆ. ಸ್ನಾಯುವಿನ ನಡುವೆ ಎಳೆದ ಹಾಗಾದರೆ ಪರವಾಗಿಲ್ಲ. ಗಂಟಿನೊಳಗೆ ಚುಚ್ಚಿದರೆ, ಕಾಲಿನ ಕೆಳಗೆ ಜುಮ್ಮೆಂದು ಇಳಿದರೆ, ಕೈ ಮರಗಟ್ಟಿದರೆ ಅಲ್ಲಿಗೇ ನಿಲ್ಲಿಸಿ ಡಾಕ್ಟರ ಹತ್ತಿರ ಹೋಗಿ.

ಉಸಿರಾಟ

ಆಸನ ಆದ ಮೇಲೆ ಮಡಚಿದ ಕಂಬಳಿಯ ಮೇಲೆ ಕೂರಿ. ನೆಲದಲ್ಲಿ ಕೂರಲಾಗದವರು ಕುರ್ಚಿಯಲ್ಲಿ. ನಾಡಿಶೋಧನಕ್ಕೆ ಬಲಗೈ ಹೆಬ್ಬೆರಳಿಂದ ಬಲಮೂಗು ಮುಚ್ಚಿ, ಎಡದಿಂದ ಎಳೆಯಿರಿ. ಉಂಗುರ ಬೆರಳಿಂದ ಎಡ ಮುಚ್ಚಿ, ಬಲದಿಂದ ಬಿಡಿ. ಬಲದಿಂದಲೇ ಎಳೆದು ಎಡದಿಂದ ಬಿಡಿ. ಇದು ಒಂದು ಸುತ್ತು. ಐದು ಸುತ್ತು ಸಾಕು. ನಾಲ್ಕು ಎಣಿಸುವಷ್ಟು ಎಳೆದು, ಆರು ಎಣಿಸುವಷ್ಟು ಬಿಡಿ. ಉಸಿರು ಹಿಡಿದಿಡುವುದನ್ನು ತಿಳಿದವರ ಎದುರು ಮಾತ್ರ ಕಲಿಯಬೇಕು. ಹೊಟ್ಟೆ ಒಳಗೆಳೆದು ಉಸಿರನ್ನು ಜೋರಾಗಿ ಹೊರದೂಡುವ ಕಪಾಲಭಾತಿಯೂ ಹಾಗೆಯೇ, ಶುರು ಮಾಡುವವರಿಗೆ ಅದರ ಅಗತ್ಯ ಇಲ್ಲ ಅನ್ನುವುದು ನನ್ನ ಅಭಿಪ್ರಾಯ.

ಮಳೆಗಾಲದಲ್ಲಿ ಮೂಗು ಕಟ್ಟಿಕೊಂಡೇ ಇರುತ್ತದೆ ಅಲ್ವಾ? ಅಂಥ ದಿನ ಬಲವಂತ ಮಾಡಬೇಡಿ. ಬಿಸಿನೀರಿನ ಹಬೆ ತಗೊಂಡು, ಆಮೇಲೂ ತೆರೆಯದಿದ್ದರೆ ಭ್ರಾಮರಿ ಮಾತ್ರ ಮಾಡಿ. ಅದಕ್ಕೂ ಉಸಿರು ಸ್ವಲ್ಪವಾದರೂ ಹೋಗಬೇಕು. ಬಾಯಿ ಮುಚ್ಚಿ, ಉಸಿರು ಬಿಡುತ್ತಾ ದುಂಬಿಯ ಹಾಗೆ ಗುಂಯ್‌ಗುಡುವುದು, ಐದು ಸಲ. ಹೊರಗೆ ಮಳೆ ಹೊಯ್ಯುವಾಗ ಕಣ್ಣು ಮುಚ್ಚಿ ಭ್ರಾಮರಿ ಮಾಡಿ ನೋಡಿ. ಮಳೆಯ ಸದ್ದು, ತಲೆಯೊಳಗಿನ ಸದ್ದು ಎರಡೂ ಒಂದಾಗಿ ಮನಸ್ಸು ತಾನಾಗಿ ನಿಲ್ಲುತ್ತದೆ. ಆ ಎರಡು ನಿಮಿಷಕ್ಕಾಗಿಯೇ ನಾನು ಎಷ್ಟೋ ದಿನ ಕಂಬಳಿ ಬಿಟ್ಟು ಎದ್ದಿದ್ದೇನೆ.

ಜಲನೇತಿ, ಅಂದರೆ ಒಂದು ಮೂಗಿನಿಂದ ನೀರು ಹಾಕಿ ಇನ್ನೊಂದರಿಂದ ಬಿಟ್ಟು ಮೂಗು ತೊಳೆಯುವುದನ್ನು ಮಾಡುವವರು ಬಾವಿ ನೀರನ್ನೋ ಅಬ್ಬಿ ನೀರನ್ನೋ ನೇರವಾಗಿ ಮೂಗಿಗೆ ಹಾಕಬೇಡಿ. ಕುಡಿಯಲು ಸಿಹಿಯಾಗಿದ್ದರೂ ಸರಿಯೇ. ಕುದಿಸಿ ಆರಿಸಿದ ನೀರೇ ಆಗಬೇಕು. ಹಸಿನೀರಿನಲ್ಲಿರುವ ಸೂಕ್ಷ್ಮಜೀವಿ ಮೂಗಿನಿಂದ ಮಿದುಳಿಗೆ ಹೋಗಿ ಜೀವಕ್ಕೇ ಅಪಾಯ ಆಗುವುದುಂಟು. ಅರ್ಧ ಲೀಟರ್ ಉಗುರುಬೆಚ್ಚಗಿನ ನೀರಿಗೆ ಮುಕ್ಕಾಲು ಟೀ ಚಮಚ ಉಪ್ಪು. ಮೊದಲ ಸಲ ಬಲ್ಲವರಿಂದ ಕಲಿತುಕೊಳ್ಳಿ.

ಕೊನೆಗೆ ಶವಾಸನ, ಅಂಗಾತ ಮಲಗಿ ಮೈ ಪೂರ್ತಿ ಸಡಿಲ ಬಿಡುವುದು. ಮೈ ಬೇಗ ತಣಿಯುವುದರಿಂದ ಕಾಲಿಂದ ಎದೆಯ ತನಕ ಕಂಬಳಿ ಹೊದ್ದುಕೊಳ್ಳಿ. ಐದು ನಿಮಿಷ. ಏಳುವಾಗ ಬಲಮಗ್ಗುಲಿಗೆ ಹೊರಳಿ, ಕೈ ಊರಿ ಏಳಿ. ಒಮ್ಮೆಲೇ ಎದ್ದರೆ ತಲೆ ಸುತ್ತುತ್ತದೆ.

ಯಾರು ಜೋಪಾನವಾಗಿರಬೇಕು?

ಬಿ.ಪಿ. ಜಾಸ್ತಿ ಇರುವವರು, ಕಣ್ಣಿನ ಒತ್ತಡದ ಕಾಯಿಲೆ ಇರುವವರು ತಲೆ ಕೆಳಗಾಗುವ ಆಸನ ಮಾಡಬಾರದು. ಹರ್ನಿಯಾ, ಹೃದಯದ ತೊಂದರೆ, ಡಿಸ್ಕ್ ಜಾರಿದವರು, ಹೊಸದಾಗಿ ಆಪರೇಷನ್ ಆದವರು ಡಾಕ್ಟರನ್ನು ಕೇಳಿಯೇ ಶುರು ಮಾಡಬೇಕು. ಬಸುರಿಯರು ಬೋರಲು ಮಲಗುವ ಆಸನ, ಹೊಟ್ಟೆ ಒತ್ತುವ ಆಸನ ಬಿಡಬೇಕು. ಅವರಿಗೆ ಬೇರೆಯೇ ಕ್ರಮ ಇದೆ. ಮುಟ್ಟಿನ ದಿನಗಳಲ್ಲಿ ಮೈ ಹೇಳಿದಷ್ಟು ಮಾಡಿ, ಬೇಡ ಅನಿಸಿದರೆ ಉಸಿರಾಟ ಮಾತ್ರ. ಸಕ್ಕರೆ ಕಾಯಿಲೆಗೆ ಮಾತ್ರೆ, ಇನ್ಸುಲಿನ್ ತಗೊಳ್ಳುವವರು ಬರಿಹೊಟ್ಟೆಯಲ್ಲಿ ತಲೆ ಸುತ್ತಿದರೆ, ಕೈ ನಡುಗಿದರೆ ತಕ್ಷಣ ನಿಲ್ಲಿಸಿ ಸಿಹಿ ಏನಾದರೂ ತಿನ್ನಿ.

ಹತ್ತಿರದಲ್ಲಿ ಒಳ್ಳೆಯ ಗುರು ಸಿಕ್ಕರೆ ತಿಂಗಳಾದರೂ ಕಲಿಯಿರಿ. ಮಲ್ಲಾಡಿಹಳ್ಳಿಯ ರಾಘವೇಂದ್ರ ಸ್ವಾಮೀಜಿಯವರು ಊರೂರಿಗೆ ಹೋಗಿ ಶಿಬಿರ ನಡೆಸಿ ಸಾಮಾನ್ಯ ಜನಕ್ಕೆ ಯೋಗ ಕಲಿಸಿದರು. ನಮ್ಮ ಹಿಂದಿನ ತಲೆಮಾರಿನಲ್ಲಿ ಆ ಶಿಬಿರಗಳಲ್ಲಿ ಕಲಿತವರು ಇನ್ನೂ ಅಲ್ಲಲ್ಲಿ ಇದ್ದಾರೆ. ನಿಮ್ಮ ಊರಲ್ಲಿ ಅಂಥವರು ಇದ್ದರೆ ಹೋಗಿ ಕೇಳಿ. ಪುಸ್ತಕ, ವಿಡಿಯೊಗಳಲ್ಲಿ ನಿಮ್ಮ ಬೆನ್ನು ನೋಡಿ ತಿದ್ದುವವರು ಇರುವುದಿಲ್ಲ.

ಬಿಟ್ಟುಹೋದರೆ

ಬಿಟ್ಟುಹೋಗುತ್ತದೆ. ಮದುವೆ, ಸೂತಕ, ಜ್ವರ, ಕೊಯ್ಲು, ಮನೆ ತುಂಬಾ ನೆಂಟರು. ಹತ್ತು ದಿನ ತಪ್ಪಿದರೆ ಹನ್ನೊಂದನೇ ದಿನ ಹಳೆಯ ಲೆಕ್ಕಕ್ಕೆ ಹೋಗಬೇಡಿ. ಮೊದಲಿನ ಹತ್ತು ನಿಮಿಷದ ಕ್ರಮದಿಂದ ಮತ್ತೆ ಶುರು ಮಾಡಿ, ನಾಲ್ಕು ದಿನ ಅಷ್ಟೇ ಮಾಡಿ, ಆಮೇಲೆ ನಮಸ್ಕಾರ ಸೇರಿಸಿ.

ಮನೆ ತುಂಬಾ ಜನ ಇದ್ದು ಚಾಪೆ ಹಾಸಲು ಜಾಗವೇ ಇಲ್ಲದ ದಿನ ಬಚ್ಚಲೊಲೆಯ ಹತ್ತಿರ ನಿಂತೇ ಮೂರು ಕೆಲಸ ಮಾಡಿ. ಭುಜ ಹಿಂದಕ್ಕೆ ಹತ್ತು ಸಲ. ತಾಡಾಸನ ಐದು ಸಲ. ಅಂಗೈ ಎರಡೂ ಸೊಂಟದ ಹಿಂದೆ ಇಟ್ಟು, ಎದೆ ಮೇಲೆತ್ತಿ, ಸ್ವಲ್ಪ ಹಿಂದೆ ಬಾಗಿ ಮೂರು ಉಸಿರು. ಹಂಡೆಗೆ ಇನ್ನೊಂದು ಕುಂಟೆ ತಳ್ಳಿ ಅದಕ್ಕೆ ಬೆಂಕಿ ಹಿಡಿಯುವಷ್ಟರಲ್ಲಿ ಇದು ಮುಗಿದಿರುತ್ತದೆ.